ಕಲ್ಲಿನ ದಡದಿಂದ ಡೈವ್ ಮಾಡುವವರಿಗೆ ಎಂಥ ಬೂಟು ಬೇಕು?

ಪ್ರಶ್ನೆ: ನಾನು ಮೈಸೂರಿನವನು, ವಯಸ್ಸು 46. ಸ್ಕೂಬಾ ಓಪನ್ ವಾಟರ್ ಕೋರ್ಸ್ ಮುಗಿಸಿದ್ದೇನೆ. ಈವರೆಗೆ ಡೈವ್ ಮಾಡಿದ್ದೆಲ್ಲ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ, ನೇತ್ರಾಣಿಯಲ್ಲಿ. ಆಗಸ್ಟ್‌ನಲ್ಲಿ ನಾನು, ನನ್ನ ಹೆಂಡತಿ ಬಾಲಿಯ ತುಲಂಬೆನ್‌ಗೆ ಹೋಗುತ್ತಿದ್ದೇವೆ. ಅಲ್ಲಿ ದಡದಿಂದಲೇ ನಡೆದು ನೀರಿಗಿಳಿಯಬೇಕು, ದಡವೆಲ್ಲ ಕಲ್ಲು ಅಂತ ಕೇಳಿದೆ. ನನ್ನ ಹತ್ತಿರ ಇರುವುದು 3 ಎಂಎಂ ದಪ್ಪದ ನಿಯೋಪ್ರೀನ್ (ರಬ್ಬರ್ ಫೋಮ್) ಸಾಕ್ಸ್ ಮತ್ತು ಈಜಲು ಕಾಲಿಗೆ ಹಾಕುವ, ಪಾದ ಪೂರ್ತಿ ಮುಚ್ಚುವ ಫಿನ್. ಒಬ್ಬ ಗೆಳೆಯ, ಟ್ರೆಕ್ಕಿಂಗ್ ಶೂ ಥರ ಗಟ್ಟಿ ಅಟ್ಟೆಯ 7 ಎಂಎಂ ಬೂಟೇ ಬೇಕು ಅನ್ನುತ್ತಾನೆ. ಇನ್ನೊಬ್ಬ, ಹಳೇ ಕ್ಯಾನ್ವಾಸ್ ಶೂ ಸಾಕು, ಸುಮ್ನೆ ದುಡ್ಡು ದಂಡ ಮಾಡಬೇಡ ಅನ್ನುತ್ತಾನೆ. ಯಾರ ಮಾತು ಕೇಳಲಿ? ಇನ್ನೊಂದು ವಿಷಯ, ನನಗೆ ಕೆಲವು ವರ್ಷದಿಂದ ಶುಗರ್ ಇದೆ. ಮಾತ್ರೆಯಲ್ಲಿ ಹತೋಟಿಯಲ್ಲಿದೆ.

ಉತ್ತರ: ಇಬ್ಬರ ಮಾತನ್ನೂ ಬಿಡಿ. ನಿಮಗೆ ಬೇಕಿರುವುದು ಕಣಕಾಲು ಮುಚ್ಚುವ 5 ಎಂಎಂ ನಿಯೋಪ್ರೀನ್ ಬೂಟು. ಅದರ ಅಟ್ಟೆ ದಪ್ಪಗಿರಬೇಕು, ಆದರೆ ರಬ್ಬರು ಮೆತ್ತಗಿರಬೇಕು. ಜೊತೆಗೆ ಹಿಮ್ಮಡಿ ತೆರೆದಿರುವ, ಹಿಂದೆ ಪಟ್ಟಿ ಇರುವ ಫಿನ್ ಬೇಕು. ಈಗಿರುವ ಸಾಕ್ಸ್ ಮತ್ತು ಫಿನ್‌ ಅನ್ನು ನೇತ್ರಾಣಿಗೆ ಇಟ್ಟುಕೊಳ್ಳಿ. ಅಲ್ಲಿಗೆ ಅವು ಚೆನ್ನಾಗಿಯೇ ಇವೆ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ದೋಣಿಯಿಂದ ಡೈವ್ ಮಾಡುವಾಗ ಕಾಲಿಗೆ ನಡೆಯುವ ಕೆಲಸವೇ ಇಲ್ಲ. ಅಂಚಿನಲ್ಲಿ ಕೂತು ಫಿನ್ ಹಾಕಿಕೊಂಡು ಹಿಂದಕ್ಕೆ ಉರುಳಿದರೆ ಮುಗೀತು. ದಡದಿಂದ ಇಳಿಯುವಾಗ ಹಾಗಲ್ಲ. ಬೆನ್ನ ಮೇಲೆ ಅಲ್ಯುಮಿನಿಯಂ ಸಿಲಿಂಡರ್ ಇರುತ್ತದೆ, ಗಾಳಿ ತುಂಬಿದಾಗ ಅದೊಂದೇ ಸುಮಾರು 17 ಕೆಜಿ. ಅದರ ಮೇಲೆ ಬಿಸಿಡಿ (ಗಾಳಿ ತುಂಬಿ ತೇಲಿಸುವ ಜಾಕೆಟ್), ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ), ಸೊಂಟಕ್ಕೆ ಸೀಸದ ತೂಕ. ಎಲ್ಲ ಸೇರಿದರೆ 25 ಕೆಜಿ ಹತ್ತಿರ ಬರುತ್ತದೆ. ಅಷ್ಟನ್ನು ಹೊತ್ತು, ಅಲೆ ಬಡಿಯುವ ಜಾಗದಲ್ಲಿ, ಒದ್ದೆ ಕಲ್ಲಿನ ಮೇಲೆ ಹೆಜ್ಜೆ ಇಡಬೇಕು. ಬೂಟಿನ ನಿಜವಾದ ಕೆಲಸ ಇರೋದು ಆ ಕೆಲವೇ ಹೆಜ್ಜೆಗಳಲ್ಲಿ. ಹೀಗಾಗಿ ನೀರು ಎಷ್ಟು ತಣ್ಣಗಿದೆ ಅಂತ ಕೇಳುವುದಕ್ಕೆ ಮೊದಲು ದಡದ ಕಲ್ಲು ಎಂಥದ್ದು ಅಂತ ಕೇಳಿ. ಬೂಟಿನ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ಎಂಎಂ ಲೆಕ್ಕ ಆಮೇಲೆ ನೋಡಿದರೆ ಸಾಕು. ಮೊದಲು ಅಟ್ಟೆ ನೋಡಿ.

ತುಲಂಬೆನ್‌ನ ಕಲ್ಲು ಎಂಥದ್ದು? ಊರಿನ ಹಿಂದೆ ಅಗುಂಗ್ ಜ್ವಾಲಾಮುಖಿ ಇದೆ. ದಡದ ತುಂಬ ಬಿದ್ದಿರುವುದು ಆ ಬೆಟ್ಟದ ಕಪ್ಪು ಕಲ್ಲು. ಸಮುದ್ರ ಅದನ್ನು ಉರುಳಿಸಿ ಉರುಳಿಸಿ ನುಣ್ಣಗೆ, ಗುಂಡಗೆ ಮಾಡಿಟ್ಟಿದೆ. ಮುಷ್ಟಿಯಷ್ಟು ಚಿಕ್ಕವು ಇವೆ, ತಲೆಯಷ್ಟು ದೊಡ್ಡವೂ ಇವೆ. ಅಲ್ಲಿಗೆ ಡೈವರ್‌ಗಳು ನೋಡಲು ಹೋಗುವ ಮುಳುಗಿದ ಹಡಗನ್ನು ನೀರಿಗೆ ಕೆಡವಿದ್ದೂ ಅದೇ ಬೆಟ್ಟ. ಅಮೆರಿಕದ ಸರಕು ಹಡಗು ಲಿಬರ್ಟಿಗೆ 1942ರ ಜನವರಿಯಲ್ಲಿ ಪಕ್ಕದ ಲೊಂಬೊಕ್ ದ್ವೀಪದ ಹತ್ತಿರ ಜಪಾನಿನ ಸಬ್‌ಮರೀನ್ ಟಾರ್ಪಿಡೊ ಹೊಡೆಯಿತು. ಎಳೆದುಕೊಂಡು ಹೋಗುವಾಗ ನೀರು ತುಂಬುತ್ತಾ ಬಂದು, ಕೊನೆಗೆ ತುಲಂಬೆನ್ ದಡಕ್ಕೆ ತಂದು ಹತ್ತಿಸಿದರು. 1963ರಲ್ಲಿ ಅಗುಂಗ್ ಸಿಡಿದಾಗ ನೆಲ ನಡುಗಿ ಹಡಗು ದಡದಿಂದ ನೀರಿಗೆ ಜಾರಿತು. ಅದಕ್ಕೇ ಅದು ದಡಕ್ಕೆ ಅಷ್ಟು ಹತ್ತಿರ ಇದೆ. ಕೆಲವೇ ನಿಮಿಷ ಈಜಿದರೆ ಸಾಕು, ಸುಮಾರು 5 ಮೀಟರ್ ಆಳದಲ್ಲೇ ಅದರ ಮೇಲಿನ ಭಾಗ ಸಿಗುತ್ತದೆ. ಆಳದ ಕಡೆ 30 ಮೀಟರ್ ಹತ್ತಿರ. ಹೊಸಬರೂ ಆರಾಮಾಗಿ ಮಾಡಬಹುದಾದ ಡೈವ್ ಅದು. ಕಷ್ಟ ಇರೋದೆಲ್ಲ ಮೊಣಕಾಲುದ್ದ ನೀರಿನಲ್ಲಿ.

ಅಲ್ಲಿ ಆಗುವುದು ಇಷ್ಟು. ಅಲೆ ಬರುತ್ತದೆ, ವಾಪಸ್ ಹೋಗುವಾಗ ಕಾಲ ಕೆಳಗಿನ ಕಲ್ಲನ್ನೂ ಎಳೆದುಕೊಂಡು ಹೋಗುತ್ತದೆ. ನೀವು ಭದ್ರ ಅಂತ ಕಾಲಿಟ್ಟ ಕಲ್ಲು ಮರುಗಳಿಗೆ ಅಲ್ಲಿರುವುದಿಲ್ಲ. ಕಿವಿಗೊಟ್ಟರೆ ಕಲ್ಲುಗಳು ಗಡಗಡ ಉರುಳುವ ಸದ್ದೂ ಕೇಳುತ್ತದೆ. ಎರಡು ಕಲ್ಲಿನ ಸಂದಿಗೆ ಪಾದ ಜಾರಿ, ಮೇಲಿನ ಭಾರಕ್ಕೆ ಕಣಕಾಲು ಹೊರಳುವುದು ಇಲ್ಲಿನ ಮುಖ್ಯ ಅಪಾಯ. ಕೊಯ್ದುಕೊಳ್ಳುವ ಭಯ ಇಲ್ಲಿ ಕಮ್ಮಿ.

ಬೊನೇರ್‌ನಲ್ಲಿ ಇದು ಪೂರ್ತಿ ತಿರುಗುಮುರುಗು. ಕ್ಯಾರಿಬಿಯನ್‌ನ ಈ ಡಚ್ ದ್ವೀಪಕ್ಕೆ ಜನ ದಡದಿಂದ ಇಳಿಯುವ ಶೋರ್ ಡೈವ್‌ಗೆಂದೇ ಹೋಗುತ್ತಾರೆ. ಬಾಡಿಗೆ ಪಿಕಪ್ ಗಾಡಿಯಲ್ಲಿ ಸಿಲಿಂಡರ್ ಹಾಕಿಕೊಂಡು, ರಸ್ತೆ ಬದಿಯಲ್ಲಿ ಹಳದಿ ಬಣ್ಣ ಬಳಿದ ಕಲ್ಲಿನ ಮೇಲೆ ತಾಣದ ಹೆಸರು ಓದಿ, ಅಲ್ಲೇ ನಿಲ್ಲಿಸಿ ನೀರಿಗಿಳಿಯುತ್ತಾರೆ. ದಡ ಮಾತ್ರ ಹಳೇ ಹವಳದ ಸುಣ್ಣಕಲ್ಲು. ಮಳೆ, ಉಪ್ಪುನೀರು ಕೊರೆದು ಮೇಲೆಲ್ಲ ಚೂಪು ಚೂಪಾಗಿ ಎದ್ದಿದೆ. ಅದು ಅಲುಗಾಡುವುದಿಲ್ಲ, ಆದರೆ ಚರ್ಮ ಕೊಯ್ಯುತ್ತದೆ. ಅಲ್ಲಿನ ಮರೀನ್ ಪಾರ್ಕ್‌ನಲ್ಲಿ ಡೈವರ್‌ಗಳು ಗ್ಲೌಸ್ ಹಾಕುವಂತಿಲ್ಲ, ಹಾಗಾಗಿ ಬಿದ್ದರೆ ಬರಿಗೈ ಊರಬೇಕು. ಅಮೆರಿಕದಲ್ಲಿರುವ ಓದುಗರು ಯಾರಾದರೂ ಬೊನೇರ್‌ಗೆ ಹೊರಟಿದ್ದರೆ, ಅವರಿಗೆ ನಿಮ್ಮ ಮೊದಲ ಗೆಳೆಯನ ಸಲಹೆ ಸರಿ. ದಪ್ಪ, ಗಟ್ಟಿ, ಚುಚ್ಚಿದರೂ ಒಳಗೆ ಬಾರದ ಅಟ್ಟೆ ಅಲ್ಲಿ ಬೇಕು.

ಅದೇ ಅಟ್ಟೆ ತುಲಂಬೆನ್‌ನ ಗುಂಡುಕಲ್ಲಿನ ಮೇಲೆ ಕೈ ಕೊಡುತ್ತದೆ. ಬಾಗದ ಅಟ್ಟೆ ಗುಂಡು ಮೈಯ ಮೇಲೆ ಒಂದೇ ಕಡೆ ತಾಗುತ್ತದೆ, ಪಾದ ಪೂರ್ತಿ ಒಂದು ಬದಿಗೆ ವಾಲುತ್ತದೆ. ಬಾಗುವ ಅಟ್ಟೆಯಾದರೆ ಕಲ್ಲಿನ ಮೈಯನ್ನು ಸ್ವಲ್ಪ ಹಿಡಿದುಕೊಳ್ಳುತ್ತದೆ, ಕಲ್ಲು ಅಲುಗುತ್ತಿದೆ ಅಂತ ಪಾದಕ್ಕೆ ಮೊದಲೇ ಗೊತ್ತಾಗುತ್ತದೆ. ಹಾಗಂತ ನಿಮ್ಮ ಸಾಕ್ಸ್‌ನಷ್ಟು ತೆಳ್ಳಗಿದ್ದರೂ ಆಗದು. ಪ್ರತಿ ಕಲ್ಲೂ ಅಂಗಾಲಿಗೆ ಒತ್ತಿ, ನೋವಿಗೆ ಹೆಜ್ಜೆ ಅವಸರವಾಗುತ್ತದೆ. ಅವಸರದ ಹೆಜ್ಜೆಯೇ ಬೀಳಿಸೋದು.

ಈಗ ಅಟ್ಟೆಯನ್ನೇ ಕೈಯಲ್ಲಿ ಹಿಡಿದು ನೋಡೋಣ. ಒಂದು ಕೈಯಲ್ಲಿ ಹಿಮ್ಮಡಿ, ಇನ್ನೊಂದರಲ್ಲಿ ಬೂಟಿನ ಮೂತಿ ಹಿಡಿದು ಬಾಗಿಸಿ. ಬೆರಳುಗಳ ಬುಡ ಬರುವ ಜಾಗದಲ್ಲಿ ಬಾಗಬೇಕು. ಸರಿಯಾಗಿ ನಡುವೆ ಮಡಚಿಕೊಂಡರೆ ಪಾದದ ಕಮಾನಿಗೆ ಆಸರೆ ಇಲ್ಲ ಅಂತ ಅರ್ಥ, ಇಟ್ಟು ಬಿಡಿ. ಎಲ್ಲೂ ಬಾಗದಿದ್ದರೂ ಇಟ್ಟು ಬಿಡಿ. ಆಮೇಲೆ ಒದ್ದೆ ಬಟ್ಟೆಯನ್ನು ಹಿಂಡುವ ಹಾಗೆ ತಿರುಚಿ ನೋಡಿ. ಸ್ವಲ್ಪ ತಿರುಗಿ, ಬಿಟ್ಟ ಕೂಡಲೇ ಮೊದಲಿನಂತಾಗಬೇಕು.

ನಂತರ ರಬ್ಬರು. ಅಟ್ಟೆಗೆ ಹೆಬ್ಬೆರಳಿನ ಉಗುರು ಒತ್ತಿ. ಉಗುರಿನ ಗುರುತು ಬಿದ್ದು ನಿಧಾನ ಮಾಯವಾದರೆ ಮೆತ್ತನೆ ರಬ್ಬರು. ಗುರುತೇ ಬೀಳದೆ ಉಗುರು ಜಾರಿದರೆ ಗಟ್ಟಿ ರಬ್ಬರು ಅಥವಾ ಪ್ಲಾಸ್ಟಿಕ್ ಬೆರೆತದ್ದು. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಹೊಸ ಹವಾಯಿ ಚಪ್ಪಲಿ ನೆಲ ಹಿಡಿಯುತ್ತದೆ, ಸವೆದು ಗಟ್ಟಿಯಾದ ಹಳೇ ಚಪ್ಪಲಿ ಜಾರಿಸುತ್ತದೆ. ಸಮುದ್ರದ ಕಲ್ಲಿನ ಮೇಲೂ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಪಾಚಿ ಪದರ ಇರುತ್ತದೆ, ಅಲ್ಲೂ ಲೆಕ್ಕ ಅದೇ. ಮೆತ್ತನೆ ರಬ್ಬರು ಬೇಗ ಸವೆಯುತ್ತದೆ, ನಿಜ. ಆದರೆ ವರ್ಷಕ್ಕೆ ಒಂದೆರಡು ಸಲ ಡೈವ್‌ಗೆ ಹೋಗುವವರಿಗೆ ಅದೇನು ದೊಡ್ಡ ಚಿಂತೆಯಲ್ಲ.

ಅಟ್ಟೆಯ ಅಚ್ಚಿನ ವಿಷಯದಲ್ಲಿ ಜನ ಮೋಸ ಹೋಗುತ್ತಾರೆ. ಆಳವಾದ, ದೊಡ್ಡ ದೊಡ್ಡ ಕಟ್ಟೆಗಳಿರುವ ಅಟ್ಟೆ ನೋಡಿದರೆ ಭಾರಿ ಹಿಡಿತ ಅನ್ನಿಸುತ್ತದೆ. ಆ ಅಚ್ಚು ಇರುವುದು ಕೆಸರಿಗೆ, ಸಡಿಲ ಮಣ್ಣಿಗೆ. ನುಣುಪು ಕಲ್ಲಿನ ಮೇಲೆ ಆ ಕಟ್ಟೆಗಳ ತುದಿ ಮಾತ್ರ ತಾಗುತ್ತದೆ, ತಾಗುವ ಜಾಗ ಕಮ್ಮಿಯಾದಷ್ಟೂ ಹಿಡಿತವೂ ಕಮ್ಮಿ. ಕಲ್ಲಿಗೆ ಬೇಕಾದದ್ದು ಅಗಲವಾದ, ಹೆಚ್ಚು ಎತ್ತರವಿಲ್ಲದ ಅಚ್ಚು. ನಡುನಡುವೆ ಸಣ್ಣ ಗೀರುಗಳಿದ್ದರೆ ಇನ್ನೂ ಒಳ್ಳೆಯದು, ನಡುವಿನ ನೀರು ಅಲ್ಲಿಂದ ಹೊರಗೆ ಹೋಗುತ್ತದೆ. ಅಟ್ಟೆಯ ರಬ್ಬರು ಬೂಟಿನ ಪಕ್ಕಕ್ಕೂ ಬೆರಳಿನ ಮುಂದಕ್ಕೂ ಒಂದಿಷ್ಟು ಹತ್ತಿರಬೇಕು. ಉರುಳುವ ಕಲ್ಲು ಪೆಟ್ಟು ಕೊಡುವುದು ಅಲ್ಲೇ. ಬರೀ ನಿಯೋಪ್ರೀನ್ ಇದ್ದರೆ ಕಿರುಬೆರಳು ಜಜ್ಜುತ್ತದೆ.

ಕೊನೆಯ ಪರೀಕ್ಷೆಗೆ ಅಂಗಡಿ ಬೇಡ, ನಿಮ್ಮ ಬೀದಿಯಲ್ಲಿ ಯಾರಾದರೂ ಮನೆ ಕಟ್ಟಿಸುತ್ತಿದ್ದರೆ ಸಾಕು. 20 ಎಂಎಂ ಜಲ್ಲಿ ಒಂದು ಹಿಡಿ ತಂದು ನೆಲದ ಮೇಲೆ ಹರಡಿ. ಹೆಗಲಿಗೆ ಹತ್ತು ಕೆಜಿ ಅಕ್ಕಿ ತುಂಬಿದ ಬ್ಯಾಗು ಹಾಕಿ. ಬೂಟು ಹಾಕಿಕೊಂಡು, ಗೋಡೆ ಹಿಡಿದು ಜಲ್ಲಿಯ ಮೇಲೆ ಒಂಟಿ ಕಾಲಲ್ಲಿ ನಿಲ್ಲಿ. ಜಲ್ಲಿ ಇದೆ ಅಂತ ಗೊತ್ತಾಗಬೇಕು, ಆದರೆ ನೋಯಬಾರದು. ನೋವಾದರೆ ಅಟ್ಟೆ ತೆಳು. ಏನೂ ಗೊತ್ತಾಗದಿದ್ದರೆ ಬೊನೇರ್‌ನಂಥ ಜಾಗಕ್ಕೆ ಸರಿ, ತುಲಂಬೆನ್‌ಗೆ ಗಟ್ಟಿ ಜಾಸ್ತಿಯಾಯಿತು. ಹಿಂದಿರುಗಿಸುವ ಅವಕಾಶ ಇರುವ ಕಡೆಯಲ್ಲೇ ಕೊಂಡು, ನೀರಿಗೆ ಹಾಕುವ ಮೊದಲೇ ಇದನ್ನು ಮಾಡಿ. ನಿಮಗೆ ಶುಗರ್ ಇರುವುದರಿಂದ ಈ ಪರೀಕ್ಷೆಯನ್ನು ನಿಮ್ಮ ಮನೆಯವರೂ ಅವರ ಬೂಟಿನಲ್ಲಿ ಮಾಡಿ ನೋಡಲಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕಣಕಾಲಿಗೆ ಆಸರೆ ಅಂತ ಜಾಹೀರಾತಿನಲ್ಲಿ ಬರೆಯುತ್ತಾರಲ್ಲ, ಅದನ್ನು ಪೂರ್ತಿ ನಂಬಬೇಡಿ. ನಿಯೋಪ್ರೀನ್ ಅಂದರೆ ಒಳಗೆಲ್ಲ ಗಾಳಿಗುಳ್ಳೆ ತುಂಬಿರುವ ಮೆತ್ತನೆ ರಬ್ಬರ್ ಫೋಮ್. ಹೊರಳುವ ಕಣಕಾಲನ್ನು ಅದು ತಡೆದು ನಿಲ್ಲಿಸಲಾರದು. ಎತ್ತರದ ಬೂಟಿನಿಂದ ಇರುವ ಉಪಯೋಗ ಬೇರೆ. ಕಲ್ಲು ತಾಗಿ ಗಂಟಿನ ಚರ್ಮ ಸುಲಿಯುವುದಿಲ್ಲ. ಬೂಟಿನ ಬಾಯಿ ವೆಟ್‌ಸೂಟ್ (ಡೈವ್‌ಗೆ ಹಾಕುವ ನಿಯೋಪ್ರೀನ್ ಉಡುಪು) ಕಾಲಿನ ಒಳಗೆ ಸೇರುತ್ತದೆ. ಹೀಗೆ ವೆಟ್‌ಸೂಟನ್ನು ಬೂಟಿನ ಮೇಲೆ ಎಳೆದುಕೊಂಡರೆ ಸಣ್ಣ ಕಲ್ಲು, ಮರಳು ಒಳಗೆ ನುಗ್ಗುವುದಿಲ್ಲ. ಮೊಣಕಾಲವರೆಗಿನ ಸಣ್ಣ ವೆಟ್‌ಸೂಟ್ ಹಾಕುವುದಾದರೆ ಬೂಟಿನ ಬಾಯಿಗೆ ವೆಲ್ಕ್ರೋ ಪಟ್ಟಿ ಇರುವುದನ್ನೇ ತೊಗೊಳ್ಳಿ. ಕಣಕಾಲನ್ನು ನಿಜವಾಗಿ ಕಾಪಾಡುವುದು ಅಗಲವಾದ ಅಟ್ಟೆ ಮತ್ತು ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿಯುವ ಬಟ್ಟಲು. ಬೂಟಿನ ಹಿಮ್ಮಡಿಯನ್ನು ಹೊರಗಿನಿಂದ ಹಿಂಡಿ ನೋಡಿ, ಸುಲಭಕ್ಕೆ ಚಪ್ಪಟೆಯಾಗಬಾರದು.

ಇನ್ನು ದಪ್ಪ. ತುಲಂಬೆನ್‌ನಲ್ಲಿ ನೀರು ವರ್ಷದ ಹೆಚ್ಚಿನ ಭಾಗ 27, 28 ಡಿಗ್ರಿ. ಆಗಸ್ಟ್‌ನಲ್ಲಿ ಒಂದೆರಡು ಡಿಗ್ರಿ ಕಮ್ಮಿ ಇರಬಹುದು. ಬರೀ ಚಳಿಯ ಲೆಕ್ಕಕ್ಕೆ 3 ಎಂಎಂ ಧಾರಾಳ ಸಾಕು. ನಾನು 5 ಎಂಎಂ ಹೇಳುವುದಕ್ಕೆ ಕಾರಣ, ಕಲ್ಲಿನ ಪೆಟ್ಟು ತಡೆಯುವಂಥ ಅಟ್ಟೆಯನ್ನು ಕಂಪನಿಗಳು ಸಾಮಾನ್ಯವಾಗಿ 5 ಎಂಎಂ ಮತ್ತು ಮೇಲಿನ ಬೂಟಿಗೇ ಹಾಕುತ್ತವೆ. ಬಾಲಿಗೆ ಹೋದವರು ಮೋಲಾ ಎಂಬ ದೊಡ್ಡ ಮೀನು ನೋಡಲು ಪಕ್ಕದ ನೂಸಾ ಪೆನಿಡಾ ದ್ವೀಪಕ್ಕೂ ಹೋಗುವುದುಂಟು. ಅಲ್ಲಿ ಆಗಸ್ಟ್ ಹೊತ್ತಿಗೆ ಆಳದ ತಣ್ಣೀರು ಮೇಲೆ ಬಂದು 20 ಡಿಗ್ರಿಗಿಂತ ಕೆಳಗಿಳಿಯುವುದೂ ಇದೆ. ಅಲ್ಲೂ 5 ಎಂಎಂ ನಡೆಯುತ್ತದೆ. 7 ಎಂಎಂ ಬೇಡ. ನಿಯೋಪ್ರೀನ್ ತೇಲುತ್ತದೆ, ದಪ್ಪವಾದಷ್ಟೂ ಕಾಲು ಮೇಲಕ್ಕೆ ಎಳೆಯುತ್ತದೆ. ಹೊಸ ಡೈವರ್‌ಗೆ ಮೈ ಸಮತೋಲ ಹಿಡಿಯುವುದೇ ಕೆಲಸ, ಅದಕ್ಕೆ ಇನ್ನೊಂದು ತಲೆನೋವು ಯಾಕೆ?

ನಿಮ್ಮ ಪ್ರಶ್ನೆಯಲ್ಲಿ ಫಿನ್ ಬಗ್ಗೆ ಒಂದೇ ಸಾಲು ಇದೆ. ಆದರೆ ಬೂಟು ಕೊಂಡವರು ಜಾಸ್ತಿ ಎಡವುವುದು ಅಲ್ಲೇ. ಬೂಟು, ಫಿನ್ ಎರಡೂ ಜೋಡಿ. ಅಟ್ಟೆ ದಪ್ಪವಾದಷ್ಟೂ ಫಿನ್‌ನ ಬಾಯಿಯೊಳಗೆ ಅದು ಸೇರುವುದು ಕಷ್ಟ. ಟ್ರೆಕ್ಕಿಂಗ್ ಥರದ ಅಟ್ಟೆಯ ಬೂಟು ಎಷ್ಟೋ ಫಿನ್‌ಗಳಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಇಲ್ಲವೇ ಜೋರಾಗಿ ತಳ್ಳಿ ಸೇರಿಸಿದ ಮೇಲೆ ಅಚ್ಚು ಸಿಕ್ಕಿಕೊಂಡು ಹೊರಗೆ ಬರುವುದೇ ಇಲ್ಲ. ಸಿಕ್ಕಿಕೊಳ್ಳುವುದು ಸುಮ್ನೆ ಕಿರಿಕಿರಿಯ ವಿಷಯವಲ್ಲ. ಅಲೆ ಬಡಿಯುವ ಕಡೆ, ಒಂದು ಕೈಯಲ್ಲಿ ಜೊತೆಗಾರರ ಹೆಗಲು ಹಿಡಿದು, ಇನ್ನೊಂದು ಕೈಯಲ್ಲಿ ಫಿನ್ ಕಿತ್ತು ಎದ್ದು ನಡೆಯಬೇಕು. ಎರಡು ಅಲೆಯ ನಡುವೆ ಸಿಗುವ ಸಮಯದಲ್ಲಿ ಅದು ಆಗಲೇಬೇಕು.

ಅದಕ್ಕೆ ಬೂಟು ಹಾಕಿಕೊಂಡೇ ಫಿನ್ ನೋಡಿ. ಪಾದ ಒಳಗೆ ಪೂರ್ತಿ ಹೋಗಬೇಕು, ಪಕ್ಕದಲ್ಲಿ ಹಿಂಡಬಾರದು, ಹಿಮ್ಮಡಿ ಮಾತ್ರ ಹೊರಗಿರಬೇಕು. ಒಂದು ಬಕೆಟ್ ನೀರಲ್ಲಿ ಎರಡನ್ನೂ ನೆನೆಸಿ ಒಂದೇ ಕೈಯಲ್ಲಿ ಹಾಕಿ, ತೆಗೆದು ನೋಡಿ. ಬೂಟಿನ ಹಿಮ್ಮಡಿಯ ಮೇಲೆ ರಬ್ಬರಿನ ಒಂದು ಏಣು ಇರಬೇಕು, ಫಿನ್ ಪಟ್ಟಿ ಕೆಳಗೆ ಜಾರದಂತೆ ತಡೆಯುವುದು ಅದೇ. ಪಟ್ಟಿ ಸ್ಟೀಲ್ ಸ್ಪ್ರಿಂಗಿನದ್ದಾದರೆ ಇನ್ನೂ ಅನುಕೂಲ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನ ಎರಡರಷ್ಟಾಗುತ್ತದೆ, ನಿಯೋಪ್ರೀನ್‌ನ ಗುಳ್ಳೆಗಳು ಕುಗ್ಗಿ ಬೂಟು ತೆಳ್ಳಗಾಗುತ್ತದೆ, ಮೇಲೆ ಬಿಗಿಯಾಗಿದ್ದ ಪಟ್ಟಿ ಅಲ್ಲಿ ಸಡಿಲವಾಗುತ್ತದೆ. ಸ್ಪ್ರಿಂಗ್ ಆ ಸಡಿಲವನ್ನು ತಾನೇ ಎಳೆದುಕೊಳ್ಳುತ್ತದೆ.

ದುಡ್ಡಿನ ಚಿಂತೆ ಇದ್ದರೆ ನನ್ನ ಸಲಹೆ ಇದು. ಬೂಟು ನಿಮ್ಮದೇ ಇರಲಿ, ಫಿನ್ ತುಲಂಬೆನ್‌ನಲ್ಲಿ ಬಾಡಿಗೆಗೆ ತೊಗೊಳ್ಳಿ. ಅಲ್ಲಿನ ಡೈವ್ ಸೆಂಟರ್‌ಗಳಲ್ಲಿ ಹಿಮ್ಮಡಿ ತೆರೆದ ಫಿನ್ ಸಿಗುತ್ತದೆ, ನಾಲ್ಕು ಜೋಡಿ ಹಾಕಿ ನೋಡಿ ಸರಿಯಾದದ್ದನ್ನು ಆರಿಸಿ. ಲಗೇಜು ಹಗುರಾಗುತ್ತದೆ. ಬಾಡಿಗೆ ಬೂಟೂ ಸಿಗುತ್ತದೆ, ಆದರೆ ಅದರ ಅಟ್ಟೆ ಎಷ್ಟು ಸವೆದಿದೆ, ಮೊದಲು ಯಾರ ಪಾದಕ್ಕೆ ಹಿಗ್ಗಿದೆ ಅನ್ನೋದು ಗೊತ್ತಿರಲ್ಲ. ಬೂಟು ಕೊಳ್ಳಲು ದೊಡ್ಡ ಹೆಸರೇ ಬೇಕು ಅಂತಿಲ್ಲ. ಸ್ಕೂಬಾಪ್ರೋ, ಮಾರೆಸ್, ಕ್ರೆಸ್ಸಿ ಆಗಲಿ, ಡೆಕಾತ್ಲಾನ್‌ನದ್ದೇ ಆಗಲಿ, ಮೇಲಿನ ಪರೀಕ್ಷೆಗಳಲ್ಲಿ ಪಾಸಾದರೆ ತೊಗೊಳ್ಳಿ. ಒಂದೇ ಕಂಪನಿಯ ಎರಡು ಮಾದರಿಗಳ ನಡುವೆ ಅಟ್ಟೆ ಅಜಗಜಾಂತರ ಇರುತ್ತದೆ.

ಅಳತೆಗೆ ಸಂಜೆ ಹೊತ್ತು ಕಾಗದದ ಮೇಲೆ ನಿಂತು ಪಾದದ ಗೆರೆ ಹಾಕಿ, ಉದ್ದವನ್ನು ಸೆಂಟಿಮೀಟರಿನಲ್ಲಿ ಬರೆದಿಟ್ಟುಕೊಳ್ಳಿ. ದಿನವಿಡೀ ಓಡಾಡಿ ಪಾದ ಸ್ವಲ್ಪ ಊದಿರುತ್ತದೆ, ಅದೇ ಸರಿಯಾದ ಅಳತೆ. ನಮ್ಮಲ್ಲಿ 8ನೇ ನಂಬರು ಅನ್ನುವುದು ಅಮೆರಿಕದ ಗಂಡಸರ ಲೆಕ್ಕದಲ್ಲಿ 9, ಯುರೋಪಿನಲ್ಲಿ 42 ಹತ್ತಿರ. ಹೆಂಗಸರ ಅಮೆರಿಕನ್ ನಂಬರು ಬೇರೆಯೇ ಲೆಕ್ಕ, ನಿಮ್ಮ ಮನೆಯವರಿಗೆ ಕೊಳ್ಳುವಾಗ ಸೆಂಟಿಮೀಟರ್ ನೋಡದೆ ಆರ್ಡರ್ ಹಾಕಬೇಡಿ. ಬೂಟು ಮೈಗೆ ಅಂಟಿದಂತಿರಬೇಕು, ಆದರೆ ಬೆರಳು ಮಡಚಿಕೊಳ್ಳಬಾರದು. ಸಡಿಲ ಇದ್ದರೆ ಒಳಗೆ ನೀರು ಓಡಾಡಿ, ಪಾದ ಜಾರಿ, ಹಿಮ್ಮಡಿಗೆ ಬೊಬ್ಬೆ ಬರುತ್ತದೆ. ಇಳಿಜಾರಿನಲ್ಲಿ ನಡೆದಾಗ ಬೆರಳು ಮುಂದಕ್ಕೆ ತಾಗಿದರೂ ಬೇಡ, ತುಲಂಬೆನ್ ದಡ ಇಳಿಜಾರೇ. ನಮ್ಮಲ್ಲಿ ತುಂಬ ಜನರ ಪಾದ ಮುಂದೆ ಅಗಲ. ಅಗಲಕ್ಕೆ ಅಂತ ದೊಡ್ಡ ನಂಬರು ಕೊಂಡರೆ ಹಿಮ್ಮಡಿ ಸಡಿಲವಾಗುತ್ತದೆ. ಅದರ ಬದಲು ಬೇರೆ ಮಾದರಿ ಹುಡುಕಿ.

ಕ್ಯಾನ್ವಾಸ್ ಶೂ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೀರು ಕುಡಿದು ಭಾರವಾಗುತ್ತದೆ, ಒಳಗೆ ಕಲ್ಲು ಸೇರುತ್ತದೆ, ಲೇಸು ಬಿಚ್ಚಿಕೊಳ್ಳುತ್ತದೆ, ಸಾಮಾನ್ಯ ಫಿನ್‌ಗೆ ಸೇರುವುದೇ ಇಲ್ಲ. ಕ್ರಾಕ್ಸ್ ಅಲೆಗೆ ಕಿತ್ತು ತೇಲಿ ಹೋಗುತ್ತದೆ. ಮಳೆಗಾಲದ ಪ್ಲಾಸ್ಟಿಕ್ ಶೂ ಒದ್ದೆ ಕಲ್ಲಿನ ಮೇಲೆ ಜಾರುತ್ತದೆ. ಬೀಚಿನಲ್ಲಿ ಹಾಕುವ ತೆಳ್ಳಗಿನ ಅಕ್ವಾ ಶೂ ಈಜುಕೊಳದ ಪಕ್ಕ ಓಡಾಡಲು ಸರಿ.

ಎಷ್ಟೇ ಒಳ್ಳೆಯ ಬೂಟಾದರೂ ತಡೆಯದ ಎರಡು ಸಂಗತಿ ಇವೆ. ಒಂದು, ಉದ್ದ ಕಪ್ಪು ಮುಳ್ಳಿನ ಸೀ ಅರ್ಚಿನ್ ಎಂಬ ಸಮುದ್ರಜೀವಿ. ಅದರ ಮುಳ್ಳು ನಿಯೋಪ್ರೀನ್‌ನೊಳಗೆ ಸೂಜಿಯಂತೆ ಇಳಿಯುತ್ತದೆ, ಒಳಗೇ ಮುರಿದು ಉಳಿಯುತ್ತದೆ. ಇನ್ನೊಂದು ಸ್ಟೋನ್ ಫಿಶ್, ಕಲ್ಲಿನ ಬಣ್ಣವೇ ಇರುವ ಮೀನು. ಅದರ ಬೆನ್ನಿನ ವಿಷಮುಳ್ಳು ತೆಳು ಅಟ್ಟೆಯನ್ನೂ ದಾಟಬಲ್ಲದು. ಎರಡಕ್ಕೂ ಮದ್ದು ಕಾಲಿಡುವ ಮೊದಲು ನೋಡುವುದು. ಲಿಬರ್ಟಿಯಲ್ಲಿ ಬಂಪ್‌ಹೆಡ್ ಪ್ಯಾರಟ್ ಮೀನಿನ ಹಿಂಡು ನೋಡಲು ಬೆಳಕು ಹರಿಯುವ ಮೊದಲೇ ನೀರಿಗಿಳಿಯುವವರಿದ್ದಾರೆ. ನೀವೂ ಹಾಗೆ ಹೋದರೆ ಟಾರ್ಚ್ ಮೊದಲು ಕಾಲಿನ ಮುಂದೆ ಬಿಡಿ. ಸೊಂಟದುದ್ದ ನೀರು ಬಂದ ಮೇಲೆ ನಡೆಯುವುದು ಬಿಟ್ಟು ತೇಲಿ. ಜೀವಂತ ಹವಳ ಇರುವ ಕಡೆ ಅಂತೂ ಕಾಲೇ ಊರಬೇಡಿ. ದಪ್ಪ ಅಟ್ಟೆ ಹಾಕಿದವರಿಗೆ ಕೆಳಗೆ ಮುರಿಯುತ್ತಿರುವುದು ಗೊತ್ತೇ ಆಗುವುದಿಲ್ಲ, ಅಷ್ಟು ಬೆಳೆಯಲು ಹವಳಕ್ಕೆ ಎಷ್ಟೋ ವರ್ಷ ಹಿಡಿದಿರುತ್ತದೆ.

ಚುಚ್ಚಿದರೆ ಪಾದವನ್ನು ಬಿಸಿ ನೀರಿನಲ್ಲಿ ಇಡಿ. ಸುಮಾರು 45 ಡಿಗ್ರಿ, ಅಂದರೆ ತಾಳಿಕೊಳ್ಳುವಷ್ಟು ಬಿಸಿ, ಅದಕ್ಕಿಂತ ಜಾಸ್ತಿ ಬೇಡ. ಅರ್ಧ ಗಂಟೆಯಿಂದ ಒಂದೂವರೆ ಗಂಟೆ. ನೋವು ಇಳಿಯುತ್ತದೆ. ಹೊರಗೆ ಕಾಣುವ ಮುಳ್ಳನ್ನು ಚಿಮಟದಲ್ಲಿ ನೇರವಾಗಿ ಎಳೆಯಿರಿ, ಒಳಗೆ ಉಳಿದದ್ದನ್ನು ಕೆದಕಬೇಡಿ, ಡಾಕ್ಟರು ನೋಡಲಿ. ಸ್ಟೋನ್ ಫಿಶ್ ಅನ್ನಿಸಿದರೆ ಬಿಸಿ ನೀರಿನ ಜೊತೆಗೇ ಆಸ್ಪತ್ರೆಗೆ ಗಾಡಿ ಹೊರಡಬೇಕು. ಹೊರಡುವ ಮೊದಲು ಊರಲ್ಲೇ ಟೆಟನಸ್ ಇಂಜೆಕ್ಷನ್ ಯಾವಾಗ ಆಗಿದೆ ನೋಡಿಕೊಳ್ಳಿ.

ಬೂಟು ಸರಿ ಇದ್ದರೂ ನಡೆಯುವ ರೀತಿ ಬೇಕು. ಫಿನ್ ಕೈಯಲ್ಲಿರಲಿ, ದಡದಲ್ಲಿ ಹಾಕಬೇಡಿ. ಮೊದಲು ನಿಂತು ಕೆಲವು ಅಲೆ ನೋಡಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಆಮೇಲೆ ಸ್ವಲ್ಪ ಹೊತ್ತು ತಣ್ಣಗಾಗುತ್ತದೆ, ಆಗ ಹೊರಡಿ. ಬಿಸಿಡಿಗೆ ಗಾಳಿ ತುಂಬಿರಲಿ, ಮಾಸ್ಕ್ ಮುಖದ ಮೇಲಿರಲಿ, ರೆಗ್ಯುಲೇಟರ್ ಬಾಯಲ್ಲಿರಲಿ. ಪಾದವನ್ನು ಎತ್ತಿ ಇಡದೆ ಕಲ್ಲಿನ ಮೇಲೆ ಸವರಿಕೊಂಡು ಜರುಗಿಸಿ, ಕಲ್ಲು ಕೂತಿದೆ ಅಂತ ಖಾತ್ರಿಯಾದ ಮೇಲೆ ಭಾರ ಹಾಕಿ. ಕಲ್ಲಿನ ತುದಿಗಿಂತ ಎರಡು ಕಲ್ಲಿನ ನಡುವಿನ ತಗ್ಗಿನಲ್ಲಿ ಪಾದ ಚೆನ್ನಾಗಿ ನಿಲ್ಲುತ್ತದೆ, ಆದರೆ ಸಂದಿಗೆ ಇಳಿಸಬೇಡಿ. ಸೊಂಟದುದ್ದ ನೀರು ಬಂದಾಗ ತೇಲುತ್ತಾ ಫಿನ್ ಹಾಕಿಕೊಳ್ಳಿ. ವಾಪಸ್ ಬರುವಾಗ ಎದ್ದು ನಿಲ್ಲಲು ಆಗದಷ್ಟು ಅಲೆ ಇದ್ದರೆ ನಾಲ್ಕೂ ಕಾಲಿನಲ್ಲಿ ತೆವಳಿಕೊಂಡು ಬನ್ನಿ. ಅನುಭವಸ್ಥರೂ ಹಾಗೇ ಮಾಡುತ್ತಾರೆ. ದಡದ ಮೇಲೆ ಪೂರ್ತಿ ಬರುವವರೆಗೆ ರೆಗ್ಯುಲೇಟರ್ ತೆಗೆಯಬೇಡಿ. ಬೆಳಗಿನ ಹೊತ್ತು ಅಲೆ ಸಾಮಾನ್ಯವಾಗಿ ಕಮ್ಮಿ, ಮೊದಲ ಡೈವ್ ಆಗಲೇ ಇಟ್ಟುಕೊಳ್ಳಿ.

ತುಲಂಬೆನ್‌ನಲ್ಲಿ ಇನ್ನೊಂದು ಅನುಕೂಲ ಇದೆ. ಊರಿನ ಹೆಂಗಸರು ಸಿಲಿಂಡರನ್ನು ತಲೆ ಮೇಲೆ ಹೊತ್ತು, ಕಾಲಿಗೆ ಬರೀ ಚಪ್ಪಲಿ ಹಾಕಿಕೊಂಡು ಅದೇ ಕಲ್ಲಿನ ಮೇಲೆ ಸಲೀಸಾಗಿ ನಡೆಯುತ್ತಾರೆ. ನೀರಿನ ಅಂಚಿನವರೆಗೆ ನಿಮ್ಮ ಸಾಮಾನು ಅವರು ತಂದುಕೊಡುತ್ತಾರೆ. ನಾನೇ ಹೊರುತ್ತೇನೆ ಅಂತ ಹಟ ಮಾಡಬೇಡಿ. ಅದು ಅವರ ದುಡಿಮೆ, ಅವರಿಗೆ ಸಲ್ಲಬೇಕಾದ ದುಡ್ಡು ಖುಷಿಯಿಂದ ಕೊಡಿ. ಭಾರ ಹೊತ್ತು ನಡೆಯುವ ದೂರ ಅರ್ಧಕ್ಕಿಂತ ಕಮ್ಮಿಯಾದರೆ ಯಾವ ದುಬಾರಿ ಬೂಟಿಗಿಂತಲೂ ಅದು ಕಣಕಾಲಿಗೆ ಒಳ್ಳೆಯದು.

ಬೂಟಿನ ಆರೈಕೆ ಸುಲಭ. ದಿನವೂ ಸಿಹಿನೀರಿನಲ್ಲಿ ತೊಳೆದು, ತಲೆಕೆಳಗೆ ಮಾಡಿ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ನಿಯೋಪ್ರೀನ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಜಿಪ್ಪಿನ ಹಲ್ಲಿನಲ್ಲಿ ಮರಳು ಕೂತಿದ್ದರೆ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಒಣಗಿದ ಮೇಲೆ ಮೇಣದ ಬತ್ತಿ ಸವರಿ.

ಈಗ ನಿಮ್ಮ ಶುಗರ್ ವಿಷಯ. ಇದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಚಿಕ್ಕದು ಅಂತ ಅಲ್ಲ. ಡೈವ್ ಸೆಂಟರ್ ಕೊಡುವ ಆರೋಗ್ಯದ ಫಾರಂನಲ್ಲಿ ಡಯಾಬಿಟಿಸ್ ಬಗ್ಗೆ ಪ್ರಶ್ನೆ ಇರುತ್ತದೆ. ಹೌದು ಅಂತ ಬರೆದರೆ ಡಾಕ್ಟರ ಸಹಿ ಕೇಳುತ್ತಾರೆ. ಮುಚ್ಚಿಡಬೇಡಿ, ಮೈಸೂರಿನಲ್ಲೇ ನಿಮ್ಮ ಡಾಕ್ಟರ ಹತ್ತಿರ ಮಾತಾಡಿ ಪತ್ರ ತೊಗೊಂಡು ಹೋಗಿ. ಅದೇ ಭೇಟಿಯಲ್ಲಿ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿ. ನೈಲಾನ್ ಎಳೆಯಂಥದ್ದನ್ನು ಅಂಗಾಲಿನ ಬೇರೆ ಬೇರೆ ಕಡೆ ಒತ್ತಿ, ಗೊತ್ತಾಗುತ್ತಾ ಅಂತ ಕೇಳುತ್ತಾರೆ, ಐದು ನಿಮಿಷದ ಕೆಲಸ. ವರ್ಷಗಟ್ಟಲೆ ಶುಗರ್ ಇದ್ದವರಿಗೆ ಅಂಗಾಲಿನ ಸ್ಪರ್ಶ ನಿಧಾನ ಕಮ್ಮಿಯಾಗುತ್ತಾ ಹೋಗುತ್ತದೆ, ಅವರಿಗೇ ತಿಳಿದಿರುವುದಿಲ್ಲ. ಜಲ್ಲಿಯ ಪರೀಕ್ಷೆಯಲ್ಲಿ ನಿಮಗೆ ನೋವಾಗದಿದ್ದರೆ ಅದು ಅಟ್ಟೆಯ ಗುಣವೋ, ಪಾದದ ದೋಷವೋ ಗೊತ್ತಾಗಬೇಕಲ್ಲ, ಅದಕ್ಕೇ ನಿಮ್ಮ ಮನೆಯವರೂ ನಿಂತು ನೋಡಲಿ ಅಂದಿದ್ದು. ಸ್ಪರ್ಶ ಕಮ್ಮಿ ಅಂತ ಡಾಕ್ಟರು ಹೇಳಿದರೆ ಕಲ್ಲಿನ ದಡ ಬಿಡಿ, ಬಾಲಿಯಲ್ಲೇ ದೋಣಿಯಿಂದ ಮಾಡುವ ಡೈವ್‌ಗಳು ಬೇಕಾದಷ್ಟಿವೆ.

ಸ್ಪರ್ಶ ಸರಿ ಇದೆ ಅಂದರೆ ನಿಶ್ಚಿಂತೆಯಿಂದ ಹೋಗಿ, ಒಂದೆರಡು ಎಚ್ಚರ ಸಾಕು. ಬೂಟಿನೊಳಗೆ ತೆಳ್ಳಗಿನ ಲೈಕ್ರಾ ಸಾಕ್ಸ್ ಹಾಕಿ, ಬೊಬ್ಬೆ ಬರುವುದಿಲ್ಲ. ಹತ್ತಿ ಸಾಕ್ಸ್ ಬೇಡ. ಹೊಸ ಬೂಟನ್ನು ನೇರ ಬಾಲಿಗೆ ಒಯ್ಯದೆ, ಮನೆಯಲ್ಲಿ ಮೆಟ್ಟಿಲು ಹತ್ತಿಳಿದು, ಸಾಧ್ಯವಾದರೆ ಈಜುಕೊಳದಲ್ಲೂ ಒಮ್ಮೆ ಫಿನ್ ಜೊತೆ ಹಾಕಿ ನೋಡಿ. ಪ್ರತಿ ಡೈವ್ ಆದ ಮೇಲೆ ಪಾದ ತೊಳೆದು, ಒರೆಸಿ, ಬೆರಳ ಸಂದಿಯನ್ನೂ ಅಂಗಾಲನ್ನೂ ನಿಮ್ಮ ಮನೆಯವರಿಗೆ ತೋರಿಸಿ. ಹವಳ ಗೀಚಿದ ಗಾಯ ಚಿಕ್ಕದಾದರೂ ಬಾಟಲ್ ನೀರು, ಸೋಪಿನಲ್ಲಿ ಚೆನ್ನಾಗಿ ತೊಳೆಯಿರಿ, ಒಳಗೆ ಹವಳದ ಪುಡಿ ಉಳಿದರೆ ಕೀವಾಗುತ್ತದೆ. ಮುಳ್ಳು ಚುಚ್ಚಿ ಬಿಸಿ ನೀರಿನಲ್ಲಿ ಕಾಲಿಡಬೇಕಾಗಿ ಬಂದರೆ, ನೀರಿನ ಬಿಸಿಯನ್ನು ಅವರೇ ತಮ್ಮ ಕೈಯಲ್ಲಿ ಮುಟ್ಟಿ ನೋಡಲಿ, ನಿಮ್ಮ ಪಾದದ ಅಂದಾಜು ಬೇಡ. ಗಾಯ ಇದ್ದ ದಿನ ಮತ್ತೆ ನೀರಿಗಿಳಿಯಬೇಡಿ. ಮಾರನೇ ದಿನಕ್ಕೆ ಸುತ್ತ ಕೆಂಪಾಗಿದ್ದರೆ, ಊದಿದ್ದರೆ ಅಲ್ಲಿನ ಡಾಕ್ಟರನ್ನೇ ಕಾಣಿ, ಊರಿಗೆ ಬಂದು ನೋಡೋಣ ಅಂತ ಬಿಡಬೇಡಿ.